ಕುರ್ಚಿಯಿಂದ ಬೀಳುತ್ತಿದ್ದ ಸಾಹುಕಾರ

ನೋಡಿ, ನಿಜ ಹೇಳಬೇಕು ಅಂತ ಎಲ್ಲರೂ ಹೇಳ್ತಾರೆ. ಹೇಗೆ ಹೇಳಬೇಕು ಅಂತ ಯಾರಾದರೂ ಹೇಳಿಕೊಟ್ಟಿದ್ದಾರಾ? ಅದನ್ನು ಹೇಳಿಕೊಡೋಕೆ ಈ ಸೀಮೆಯಲ್ಲಿ ನನ್ನ ಬಿಟ್ಟರೆ ಇನ್ನೊಬ್ಬ ಹುಟ್ಟಿಲ್ಲ. ಇದು ನನ್ನ ಮಾತಲ್ಲ, ನಮ್ಮ ಕಾರಿನ ಡ್ರೈವರ್ ಮಾತು. ಹೋದ ವರ್ಷ ಪಕ್ಕದ ಜಿಲ್ಲೆಯಲ್ಲಿ ಪ್ರವಚನದಲ್ಲಿ ಇದೇ ದೃಷ್ಟಾಂತ ಹೇಳಿದಾಗ ಮೈಕಿನವನು ಸುರಿಸಿದ ಕಣ್ಣೀರು ಆಂಪ್ಲಿಫೈಯರ್ ಒಳಗೆ ಇಳಿದು ಇಡೀ ಊರಿಗೆ ಕರೆಂಟು ಹೋಯಿತು. ಅದಕ್ಕೇ ಇವತ್ತು ನಮ್ಮ ಮೈಕಿನ ತಮ್ಮನ ಕೈಗೆ ಮೊದಲೇ ಟವೆಲ್ ಕೊಟ್ಟು ಕೂರಿಸಿದ್ದೀನಿ. ಒರೆಸ್ಕೋಪ್ಪಾ, ನಾಚಿಕೆ ಬೇಡ.

ಶ್ರೀಮಂತನಿಲ್ಲದ ಊರು ಎಲ್ಲಿದೆ ಹೇಳಿ? ನಮ್ಮ ಕಥೆಯ ಊರಲ್ಲೂ ಒಬ್ಬ ಇದ್ದ. ಮಂಡಕ್ಕಿ ಭಟ್ಟಿಗಳ ಸಾಹುಕಾರ. ಅವನ ಭಟ್ಟಿಗಳಿಗೆ ಬೆಂಕಿ ಹಾಕಿದರೆ ಹೊಗೆಗೆ ಸೂರ್ಯನೇ ಕೆಮ್ಮುತ್ತಿದ್ದ. ಒಂದು ಗಾಳಿ ಬೀಸಿದರೆ ಮೂರು ತಾಲ್ಲೂಕಿನ ಮಕ್ಕಳು ಬಾಯಿ ತೆರೆದು ನಿಂತು ಮಂಡಕ್ಕಿ ತಿನ್ನುತ್ತಿದ್ದವು. ಸುಳ್ಳು ಅಂತೀರಾ? ಸ್ವಲ್ಪ ಉಬ್ಬಿಸಿದ್ದೀನಿ. ಮಂಡಕ್ಕಿ ಸಾಹುಕಾರನ ಕಥೆಯನ್ನು ಉಬ್ಬಿಸದೆ ಹೇಳೋದು ಹೇಗೆ?

ಈ ಸಾಹುಕಾರನಿಗೆ ಒಂದು ಹುಚ್ಚು. ನಾಟಕದ ಹುಚ್ಚು. ಊರಿನ ಪೌರಾಣಿಕ ನಾಟಕದಲ್ಲಿ ದುರ್ಯೋಧನ ಅಂದರೆ ಅವನೇ. ತೊಡೆ ಮುರಿದುಕೊಂಡು ಬಿದ್ದ ಮೇಲೆ ಅವನು ಸಾಯೋಕೆ ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಭೀಮನ ಪಾತ್ರದವನು ಮನೆಗೆ ಹೋಗಿ, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ವಾಪಸ್ ಬರಬಹುದಿತ್ತು. ಸಾಹುಕಾರ ಆಗಲೂ ಸಾಯುತ್ತಲೇ ಇರುತ್ತಿದ್ದ.

ಆ ಊರಲ್ಲೊಂದು ವೈದ್ಯಕೀಯ ಕಾಲೇಜು. ಅಲ್ಲಿ ಒಂದು ಹೊಸ ಪಾಠ ಶುರುವಾಯಿತು. ಏನಪ್ಪಾ ಪಾಠ? ಕೆಟ್ಟ ಸುದ್ದಿ ಹೇಳುವ ಪಾಠ. ನಗಬೇಡಿ. ಸೂಜಿ ಚುಚ್ಚೋಕೆ ತರಬೇತಿ ಬೇಕು ಅಂದರೆ ಒಪ್ಪುತ್ತೀರಿ. ಎದೆಗೆ ಚುಚ್ಚುವ ಮಾತಿಗೆ ತರಬೇತಿ ಬೇಡವಾ? ಒಂದು ಕೋಣೆ, ಒಂದು ಮೇಜು, ಎರಡು ಕುರ್ಚಿ, ಒಂದು ಲೋಟ ನೀರು. ಗೋಡೆಯಲ್ಲೊಂದು ಗಾಜು. ಒಳಗಿನವರಿಗೆ ಅದು ಕನ್ನಡಿ, ಹೊರಗೆ ನಿಂತ ಮೇಷ್ಟ್ರಿಗೆ ಕಿಟಕಿ. ಯಾರೋ ಒಬ್ಬರು ರೋಗಿಯ ವೇಷ ಹಾಕಬೇಕು, ಕಲಿಯುವ ಹುಡುಗರು ಅವರಿಗೆ ಹೇಳಬೇಕು: ಹೀಗಾಗಿದೆ, ಇಂಥ ರೋಗ ಇದೆ. ಅದಕ್ಕೆ ಸಿಮ್ಯುಲೇಶನ್ ಅಂತಾರೆ. ನಮ್ಮ ಮಾತಲ್ಲಿ ತಾಲೀಮು.

ತಾಲೀಮು ಅಂದ ಮೇಲೆ ನಮ್ಮ ಸಾಹುಕಾರ ಬಿಡ್ತಾನಾ? ತಾನೇ ಹೋಗಿ ನಿಂತ. ‘ರೋಗಿ ಪಾರ್ಟು ನನಗೇ ಕೊಡ್ರಿ ಡಾಕ್ಟ್ರೇ. ಕಿರೀಟ ಇಲ್ಲದಿದ್ರೂ ನಡೀತದೆ’ ಅಂದ.

ಅವನಿಗೆ ಕೊಟ್ಟ ಪಾರ್ಟು ಹೊಟ್ಟೆಯ ಕ್ಯಾನ್ಸರ್ ಆದವನದು. ಹುಡುಗರು ಒಬ್ಬೊಬ್ಬರೇ ಬಂದು ಸುದ್ದಿ ಹೇಳಬೇಕು. ಹೇಳಿದ್ದೇ ತಡ, ಸಾಹುಕಾರ ‘ಹಾ! ವಿಧಿಯೇ!’ ಅಂತ ಎದೆ ಹಿಡಿದು, ಕುರ್ಚಿ ಸಮೇತ ಹಿಂದಕ್ಕೆ ಬೀಳುತ್ತಿದ್ದ. ಬಿದ್ದಲ್ಲೇ ಒಂದು ಕಂದಪದ್ಯ. ಕೆಳಗಿನ ಮಹಡಿಯಲ್ಲಿ ಹೆರಿಗೆ ವಾರ್ಡು. ಅವನು ಬಿದ್ದ ಸದ್ದಿಗೆ ದಿನ ತುಂಬದವರಿಗೂ ನೋವು ಶುರುವಾಗುತ್ತಿತ್ತು ಅಂತ ನರ್ಸುಗಳು ದೂರಿದರು.

ಆ ತರಗತಿಯಲ್ಲಿ ಒಬ್ಬಳು ಹುಡುಗಿ. ಬುದ್ಧಿವಂತೆ, ಆದರೆ ಅಂಜುಬುರುಕಿ. ಅವಳ ಅಂಗೈ ಬೆವರಿದರೆ ಪಕ್ಕದವರ ಪುಸ್ತಕ ಒದ್ದೆಯಾಗುತ್ತಿತ್ತು. ಆ ಅಂಜಿಕೆ ಬಂದದ್ದು ಎಲ್ಲಿಂದ? ನನ್ನ ನಿಮ್ಮ ಮನೆಯಿಂದಲೇ. ನೀವು ಮಕ್ಕಳಿಗೆ ಏನು ಹೇಳಿಕೊಟ್ಟಿದ್ದೀರಿ? ‘ಕೆಟ್ಟ ಮಾತು ಬಾಯಿಗೆ ತರಬೇಡ, ಮೇಲೆ ಅಸ್ತು ದೇವತೆಗಳು ಓಡಾಡ್ತಿರ್ತಾವೆ, ಅಸ್ತು ಅಂದುಬಿಡ್ತಾವೆ. ಬಾಯಿ ತಪ್ಪಿ ಬಂದರೆ ಬಿಡ್ತು ಅನ್ನು.’ ಹೇಳಿದ್ದೀರೋ ಇಲ್ಲವೋ? ಅವಳ ಅಜ್ಜಿಯೂ ಹೇಳಿದ್ದಳು. ಹಾಗಾಗಿ ಈ ಹುಡುಗಿ ಕೋಣೆಗೆ ಬಂದು, ಕೂತು, ನೀರು ಮುಂದಿಟ್ಟು, ಕಲಿತ ಹಾಗೇ ಎಲ್ಲ ಮಾಡಿ, ಕೊನೆಗೆ ಅಂದಳು: ‘ನಿಮ್ಮ ಹೊಟ್ಟೆಯಲ್ಲಿ ಕ್ಯಾನ್ಸರ್ ಇದೆ. ಬಿಡ್ತು, ಬಿಡ್ತು!’

ಸಾಹುಕಾರ ಬೀಳೋದನ್ನೇ ಮರೆತ. ‘ಏನವ್ವಾ ತಂಗೀ, ಕೊಟ್ಟಿದ್ದನ್ನ ನೀನೇ ವಾಪಸ್ ತಗಂಡ್ಯಲ್ಲ! ನಾನೀಗ ಬೀಳ್ಲೋ ಬ್ಯಾಡ್ವೋ?’

ಗಾಜಿನ ಆಚೆ ನಿಂತ ಗೆಳತಿಯರೆಲ್ಲ ಹೊಟ್ಟೆ ಹಿಡಿದು ನಕ್ಕರು. ಮೇಷ್ಟ್ರು ಅಂದರೆ ದೊಡ್ಡ ಡಾಕ್ಟ್ರು, ಅವರೂ ನಕ್ಕರು. ‘ಆ ಮಾತು ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕಮ್ಮಾ. ಆ ಮೌನ ರೋಗಿಯದು, ನಿನ್ನದಲ್ಲ’ ಅಂದರು. ಒಳ್ಳೆಯ ಮೇಷ್ಟ್ರು, ಒಳ್ಳೆಯ ಮಾತು. ಅವಳು ಮತ್ತೆ ಬಂದಳು, ಮತ್ತೆ ಹೇಳಿದಳು, ಮತ್ತೆ ‘ಬಿಡ್ತು’ ಅಂದಳು. ಬಾಯಿ ಬಿಗಿಹಿಡಿದ ದಿನ ಮನಸ್ಸಿನಲ್ಲಿ ಅಂದುಕೊಂಡಳು.

ಸಾಹುಕಾರನ ಮನೆಯಲ್ಲಂತೂ ಸಂಭ್ರಮ. ಅವನು ಬೀಳುವ ವಿಡಿಯೋ ಮಗನ ಮೊಬೈಲಿಗೆ ಬಂತು, ಮಗನಿಂದ ಬೀಗರಿಗೆ ಹೋಯಿತು, ಬೀಗರಿಂದ ಇಡೀ ಮಂಡಕ್ಕಿ ಪ್ರಪಂಚಕ್ಕೆ ಹೋಯಿತು. ಈ ವಿಡಿಯೋದ ವಿಷಯ ಮರೆಯಬೇಡಿ. ಮುಂದಿನ ಅನಾಹುತಕ್ಕೆಲ್ಲ ಮೂಲ ಅದೇ.

ಒಂದು ದಿನ ಸಾಹುಕಾರ ಹೊಟ್ಟೆನೋವಿನ ಅಭಿನಯ ಮಾಡುತ್ತಾ ಇದ್ದಾನೆ. ದೊಡ್ಡ ಡಾಕ್ಟ್ರು ಗಾಜಿನ ಆಚೆಯಿಂದ ನೋಡುತ್ತಾ ಇದ್ದಾರೆ. ಇವನು ಪಾರ್ಟು ಮುಗಿದ ಮೇಲೂ, ಚಹಾ ಕುಡಿಯುವಾಗಲೂ, ಅದೇ ಜಾಗಕ್ಕೆ ಕೈ ಒತ್ತಿಕೊಳ್ಳುತ್ತಿದ್ದಾನೆ. ಪಂಚೆ ಸೊಂಟದಲ್ಲಿ ನಿಲ್ಲದೆ ಮೇಲೆ ಬೆಲ್ಟು ಬಿಗಿದಿದ್ದಾನೆ. ಡಾಕ್ಟ್ರು ಒಳಗೆ ಬಂದು ‘ಸಾಹುಕಾರ್ರೇ, ಸಣ್ಣಗಾಗಿದ್ದೀರಿ?’ ಅಂದರು. ‘ಪಾರ್ಟಿಗೋಸ್ಕರ ಡಾಕ್ಟ್ರೇ! ದಪ್ಪ ಇರೋ ರೋಗಿನ ಯಾರು ನಂಬ್ತಾರೆ?’ ಅಂತ ನಕ್ಕ. ಡಾಕ್ಟ್ರು ನಗಲಿಲ್ಲ. ‘ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ’ ಅಂದರು.

ಬಾಯಿಂದ ನಳಿಕೆ ಇಳಿಸಿ ನೋಡಿದರು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಏನು ಬಂತು? ನೀವೇ ಹೇಳಿ, ಏನು ಬಂತು?

ಅದೇ ಬಂತು. ಪಾರ್ಟಿನಲ್ಲಿ ಇದ್ದದ್ದೇ ಬಂತು.

ಆ ಅಂಜುಬುರುಕಿ ಹುಡುಗಿಗೆ ಆಗ ದೊಡ್ಡ ಡಾಕ್ಟ್ರ ವಾರ್ಡಿನಲ್ಲೇ ಕಲಿಕೆಯ ಕೆಲಸ. ಡಾಕ್ಟ್ರು ಸಾಹುಕಾರನ ಮಗನನ್ನು ಕರೆದು ಹೇಳುವಾಗ ಅಲ್ಲೇ ನಿಂತಿದ್ದಳು. ಎಲ್ಲ ಕೇಳಿದಳು. ‘ಅಯ್ಯೋ, ನಾನೇ ಅಲ್ಲವಾ ಎದುರು ಕೂತು ಅಷ್ಟು ಸಲ ಹೇಳಿದ್ದು? ಕ್ಯಾನ್ಸರ್ ಇದೆ, ಕ್ಯಾನ್ಸರ್ ಇದೆ. ಯಾವುದೋ ಒಂದು ಸಲ ದೇವತೆ ಅಸ್ತು ಅಂದುಬಿಟ್ಟಿತಾ?’ ಓದಿದ ಹುಡುಗಿ. ದೇಹ ಸೀಳಿ ನೋಡಿದ ಹುಡುಗಿ. ಆದರೆ ಭಯಕ್ಕೆ ಓದು ಬರಹ ಇದೆಯಾ? ಅವಳಿಗೆ ಅನ್ನ ಸೇರದು. ಹಾಸ್ಟೆಲಿನಲ್ಲಿ ಯಾರಾದರೂ ಮಂಡಕ್ಕಿ ಒಗ್ಗರಣೆ ತಿನ್ನುವುದು ಕಂಡರೆ ಎದ್ದು ಹೋಗುತ್ತಿದ್ದಳು.

ಡಾಕ್ಟ್ರು ಮಗನಿಗೆ ಅಂದರು: ‘ಇನ್ನೂ ಹರಡಿಲ್ಲ. ಈಗಲೇ ಆಪರೇಷನ್ ಮಾಡಿದರೆ ದಾರಿ ಇದೆ. ತಡ ಮಾಡಿದರೆ ಇಲ್ಲ. ಅಪ್ಪನಿಗೆ ನಾನೇ ಹೇಳ್ತೀನಿ.’

ಮಗ ಕಾಲು ಹಿಡಿದುಕೊಂಡ. ‘ಬ್ಯಾಡ ಸರ್. ಆಟದಲ್ಲಿ ಹೇಳಿದ್ರೇ ಕುರ್ಚಿಯಿಂದ ಬೀಳ್ತಾರೆ, ನೀವೇ ನೋಡೀರಲ್ಲ! ನಿಜ ಹೇಳಿದ್ರೆ ಎದೆ ಒಡೆದು ಅಲ್ಲೇ ಹೋಗ್ತಾರೆ. ಅಲ್ಸರ್ ಅಂತ ಹೇಳ್ರಿ. ನನ್ನಾಣೆ.’

ನೋಡಿದಿರಾ? ಬಣ್ಣ ಹಚ್ಚಿದ ಮುಖ ನೋಡಿ ಅಪ್ಪನ ಎದೆಗಾರಿಕೆ ಅಳೆದ ಮಗ! ಆ ಅಪ್ಪ ಭಟ್ಟಿಯ ಬೆಂಕಿ ಮುಂದೆ ನಿಂತು ಬದುಕು ಕಟ್ಟಿದವನು. ಅದು ನೆನಪಾಗಲಿಲ್ಲ, ವಿಡಿಯೋ ನೆನಪಾಯಿತು. ಮಗ ಹೋಗಲಿ. ದೊಡ್ಡ ಡಾಕ್ಟ್ರು? ಕೆಟ್ಟ ಸುದ್ದಿ ಹೇಳೋದನ್ನೇ ಕಲಿಸುವ ಮೇಷ್ಟ್ರು? ಅವರೂ ‘ಸರಿ, ಸದ್ಯಕ್ಕೆ ಹಾಗೇ ಹೇಳಿ’ ಅಂದುಬಿಟ್ಟರು. ಕಲಿಸೋದು ಬೇರೆ, ಮಾಡೋದು ಬೇರೆ. ನನ್ನಂಥವನಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ ಬಿಡಿ.

ಸರಿ, ಅಲ್ಸರ್ ಅಂತಾಯಿತು. ಈಗ ಆಪರೇಷನ್‌ಗೆ ಒಪ್ಪಿಸಬೇಕಲ್ಲ? ಸಾಹುಕಾರ ಏನಂದ ಗೊತ್ತಾ? ‘ಅಲ್ಸರಿಗೆ ಹೊಟ್ಟೆ ಕೊಯ್ಸಿಕೊಂಡ ಬೆಪ್ಪ ಎಲ್ಲಾರ ಇದ್ದಾನೇನಲೇ? ಮಜ್ಜಿಗೆ ಕುಡಿದ್ರೆ ಹೋಗ್ತದೆ.’ ಮಜ್ಜಿಗೆ ಕುಡಿದ. ಕೊಡಗಟ್ಟಲೆ ಕುಡಿದ. ಊರ ಎಮ್ಮೆಗಳು ಸುಸ್ತಾಗಿ ಮಲಗುವಷ್ಟು ಕುಡಿದ. ಬೀಗರು ಬೂದುಗುಂಬಳದ ರಸ ಅಂದರು, ಅದನ್ನೂ ಕುಡಿದ. ಮಗ ‘ಆಪರೇಷನ್ ಮಾಡಿಸಪ್ಪಾ’ ಅಂತಾನೆ, ಯಾಕೆ ಅಂತ ಹೇಳೋ ಹಾಗಿಲ್ಲ. ವಾರ್ಡಿಗೆ ಬಂದು ಎಲ್ಲ ಕೇಳಿಕೊಂಡು ಹೋದ ಹೆಂಡತಿ ಒಲೆ ಮುಂದೆ ಅಳ್ತಾಳೆ, ಕೇಳಿದರೆ ಈರುಳ್ಳಿ ಅಂತಾಳೆ. ಪಾಯಸಕ್ಕೂ ಈರುಳ್ಳಿ ಹಾಕ್ತಾರಾ? ದಿನ ಹೋಗುತ್ತಾ ಇದೆ. ಒಳಗೆ ಅದು ಬೆಳೆಯುತ್ತಾ ಇದೆ. ಯಾವ ಸುಳ್ಳು ಅವನನ್ನು ಬದುಕಿಸಲಿ ಅಂತ ಹೇಳಿದ್ದರೋ ಅದೇ ಸುಳ್ಳು ಅವನನ್ನು ಆಪರೇಷನ್ ಮೇಜಿನಿಂದ ದೂರ ಇಟ್ಟು ಕೊಲ್ಲುತ್ತಾ ಇದೆ.

ಇದಕ್ಕಿಂತ ದಾರುಣ ಏನು ಗೊತ್ತಾ? ಸಾಹುಕಾರ ತಾಲೀಮಿಗೆ ಬರೋದು ಬಿಡಲಿಲ್ಲ! ಬೇಡ ಅಂದರೆ ಅನುಮಾನ ಬರುತ್ತೆ ಅಂತ ಮಗನೂ ಬಿಡಿಸಲಿಲ್ಲ. ಹಾಗಾಗಿ ಆ ಮನುಷ್ಯ ವಾರ ವಾರ ಬಂದು ಆ ಕುರ್ಚಿಯಲ್ಲಿ ಕೂರುತ್ತಾನೆ. ಏನೂ ಅರಿಯದ ಹುಡುಗರು ಬಂದು ‘ನಿಮಗೆ ಕ್ಯಾನ್ಸರ್ ಇದೆ’ ಅಂತಾರೆ. ಇವನು ಬೀಳುತ್ತಾನೆ. ಎದ್ದು, ಧೂಳು ಕೊಡವಿ, ನಗುತ್ತಾನೆ. ನಿಜ ಅವನ ಕಿವಿಗೆ ಬೀಳುತ್ತಲೇ ಇದೆ, ಅವನಿಗೆ ತಲುಪುತ್ತಿಲ್ಲ.

ಇಲ್ಲಿಂದ ಮುಂದೆ ಉಬ್ಬಿಸಲ್ಲ. ನೀವೂ ಸ್ವಲ್ಪ ಹತ್ತಿರ ಸರಿದು ಕೂತ್ಕೊಳ್ಳಿ.

ಪರೀಕ್ಷೆಯ ದಿನ ಬಂತು. ಕೋಣೆಯಲ್ಲಿ ಸಾಹುಕಾರ. ಗಾಜಿನ ಆಚೆ ದೊಡ್ಡ ಡಾಕ್ಟ್ರು, ಅಪ್ಪನನ್ನು ಕರೆದುಕೊಂಡು ಹೋಗಲು ಬಂದ ಮಗ. ಹುಡುಗಿಯ ಸರದಿ. ಒಳಗೆ ಬಂದಳು, ಬಾಗಿಲು ಹಾಕಿದಳು, ಕೂತಳು. ನೀರಿನ ಲೋಟ ಮುಂದೆ ಸರಿಸುವಾಗ ನೀರು ಮೇಜಿನ ಮೇಲೆ ಚೆಲ್ಲಿತು.

ಸಾಹುಕಾರ ಪಾರ್ಟು ಶುರು ಮಾಡಿದ. ‘ಹೇಳ್ರಿ ಡಾಕ್ಟ್ರೇ, ನನ್ನ ರಿಪೋರ್ಟಿನಾಗೆ ಏನೈತೆ?’

ಅವಳು ಬಾಯಿ ತೆರೆದಳು. ಹಾಗೇ ಮುಚ್ಚಿದಳು. ಆ ತಾಲೀಮಿಗೆ ಒಂದು ಕಟ್ಟಳೆ ಇತ್ತು: ಯಾರಾದರೂ ಅಂಗೈ ಎತ್ತಿ ತೋರಿಸಿದರೆ ಆಟ ನಿಂತ ಹಾಗೆ, ಆಮೇಲೆ ಇಬ್ಬರೂ ತಮ್ಮ ತಮ್ಮ ಮಾತನ್ನೇ ಆಡಬೇಕು. ಅವಳು ಬೆವರಿದ ಅಂಗೈ ಎತ್ತಿದಳು.

‘ಮಾತು ಮರೀತೇನವ್ವಾ?’ ಸಾಹುಕಾರ ನಕ್ಕ. ‘ನಾನು ಬೇಕಾದ್ರೆ ಹೇಳಿಕೊಡ್ತೀನಿ. ನನಗೆ ನಿನ್ನ ಪಾರ್ಟೂ ಬಾಯಿಪಾಠ ಐತೆ.’

‘ಮರೆತಿಲ್ಲ ಸಾಹುಕಾರ್ರೇ. ಆ ಮಾತನ್ನ ನಾನಿನ್ನು ನಿಮಗೆ ಆಟದಲ್ಲಿ ಹೇಳಲಾರೆ.’

‘ಆಟದಾಗೆ ಹೇಳಲಾರೆ ಅಂದ್ರೆ?’

ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಅವನ ನಗು ಇನ್ನೂ ಮುಖದ ಮೇಲಿತ್ತು, ಆದರೆ ಕಣ್ಣಿನಲ್ಲಿ ಇರಲಿಲ್ಲ. ಗಾಜಿನ ಆಚೆ ಮಗ ‘ಅಯ್ಯೋ, ಹೇಳಿಬಿಡ್ತಾಳೆ ಸರ್!’ ಅಂತ ಬಾಗಿಲ ಕಡೆ ಓಡಿದ. ದೊಡ್ಡ ಡಾಕ್ಟ್ರು ಅವನ ರಟ್ಟೆ ಹಿಡಿದರು. ‘ತಡಿಯಪ್ಪಾ. ನಾನು ಮಾಡಬೇಕಿದ್ದ ಕೆಲಸ ಅದು. ತಡಿ.’

ಒಳಗೆ ಹುಡುಗಿ ಮೆಲ್ಲಗೆ ಕೇಳಿದಳು. ‘ನಿಮ್ಮ ಹೊಟ್ಟೆಯ ಬಗ್ಗೆ ನಿಮಗೇನು ಅನ್ನಿಸ್ತಿದೆ?’

‘ಅಲ್ಸರ್ ಅಂದಾನೆ ಮಗ.’

‘ನಿಮಗೆ?’

ಸಾಹುಕಾರ ಮೇಜಿನ ಮೇಲೆ ಚೆಲ್ಲಿದ ನೀರನ್ನೇ ನೋಡಿದ. ‘ಅಷ್ಟು ಮಜ್ಜಿಗೆಗೆ ಬಗ್ಗಲಿಲ್ಲ ಅಂದ್ರೆ ಎಂಥ ಅಲ್ಸರವ್ವಾ ಅದು?’

‘ನಿಮ್ಮ ರಿಪೋರ್ಟು ನಾನು ನೋಡಿದ್ದೀನಿ. ಪೂರ್ತಿ ನಿಮಗೇ ಹೇಳಬೇಕಾ, ಇಲ್ಲಾ ಮಗನಿಗೆ ಗೊತ್ತಿದ್ದರೆ ಸಾಕಾ? ನೀವು ಬೇಡ ಅಂದರೆ ಹೇಳಲ್ಲ.’

‘ಹೊಟ್ಟೆ ನಂದು. ಹೇಳು.’

‘ಅದು ಅಲ್ಸರ್ ಅಲ್ಲ. ಒಳ್ಳೆಯ ಸುದ್ದಿಯಲ್ಲ. ಕ್ಯಾನ್ಸರ್.’

ಬಾಯಿ ಮುಚ್ಚಿದಳು. ತುಟಿ ಕಚ್ಚಿಕೊಂಡಳು. ಅಜ್ಜಿ ಕಲಿಸಿದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವಳು ಅದನ್ನು ನುಂಗಿದಳು.

ಗಾಜಿನ ಆಚೆ ಮಗ ಕಣ್ಣು ಮುಚ್ಚಿಕೊಂಡ, ಬೀಳುವ ಸದ್ದಿಗೆ ಕಾಯುತ್ತಾ. ಸದ್ದು ಬರಲಿಲ್ಲ.

ಸಾಹುಕಾರ ಬೀಳಲಿಲ್ಲ. ಎದೆ ಹಿಡಿಯಲಿಲ್ಲ. ಪದ್ಯ ಇಲ್ಲ, ವಿಧಿ ಇಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಮೇಜಿನ ಮೇಲಿನ ನೀರು ಒರೆಸಿದ. ನಿಧಾನವಾಗಿ, ಮೂಲೆ ಮೂಲೆ ಒರೆಸಿದ. ಆಮೇಲೆ ಕೇಳಿದ ಮೊದಲ ಮಾತು ಏನು ಅಂದುಕೊಂಡಿರಿ? ಎಷ್ಟು ದಿನ ಬದುಕ್ತೀನಿ ಅಂತಲಾ?

‘ನಮ್ಮನೆಯವಳಿಗೆ ಗೊತ್ತೈತಾ?’

‘ಗೊತ್ತು.’

‘ಯಾವಾಗಿಂದ?’

‘ದೀಪಾವಳಿಗೆ ಮುಂಚಿನಿಂದ.’

‘ದೀಪಾವಳಿಗೆ ಹೂರಣಕ್ಕೆ ಬೆಲ್ಲ ಹಾಕೋದು ಮರೆತು ಉಪ್ಪು ಹಾಕಿದ್ಲು. ಬೀಗರ ಮುಂದೆ ಬಾಯಿಗೆ ಬಂದಂಗೆ ಬೈದೆ.’ ಒದ್ದೆ ಟವೆಲನ್ನು ಮಡಿಸಿದ. ‘ಪಾಪ, ಇಷ್ಟು ದಿನ ಒಬ್ಬಳೇ ಹೊತ್ತುಕೊಂಡು ತಿರುಗ್ಯಾಳೆ. ನನಗೆ ಒಂದು ಮಾತು ಹೇಳಿದ್ರೆ ಅರ್ಧ ನಾನು ಹೊರ್ತಿದ್ದೆ.’

ಹುಡುಗಿಗೆ ತಡೆಯಲಾಗಲಿಲ್ಲ. ‘ಸಾಹುಕಾರ್ರೇ, ನಾನು ಅಷ್ಟು ಸಲ ಬಾಯಲ್ಲಿ ಆಡಿದ್ದಕ್ಕೇ ಹೀಗಾಯಿತೇನೋ ಅಂತ…’

‘ಹುಚ್ಚೀ! ನಾನು ಸ್ಟೇಜಿನ ಮೇಲೆ ಎಷ್ಟು ಸಲ ಸತ್ತೀನಿ! ಆಡಿದ್ದೆಲ್ಲ ಆಗಂಗಿದ್ರೆ ಈ ಹೊತ್ತಿಗೆ ನನಗೆ ತೊಡೆ ಇರ್ತಿರಲಿಲ್ಲ’ ಅಂದ. ಕಣ್ಣೊರೆಸಿಕೊಂಡು ಕೇಳಿದ. ‘ಕೊಯ್ದ್ರೆ ಹೋಗ್ತದಾ?’

‘ಹೋಗಬಹುದು. ಖಂಡಿತ ಅಂತ ಹೇಳೋಕೆ ನನಗಾಗಲ್ಲ. ತಡ ಮಾಡಿದರೆ ಕೊಯ್ಯೋಕೂ ಆಗಲ್ಲ. ದೊಡ್ಡ ಡಾಕ್ಟ್ರು ಎಲ್ಲ ವಿವರಿಸ್ತಾರೆ, ನಾನೂ ಜೊತೆಗೆ ಕೂತಿರ್ತೀನಿ.’

ಸಾಹುಕಾರ ಕನ್ನಡಿಯ ಕಡೆ ತಿರುಗಿದ. ಆಚೆ ಮಗ ಇದ್ದಾನೆ ಅಂತ ಅವನಿಗೆ ಗೊತ್ತು. ‘ಬಾರಲೇ ಒಳಗೆ. ಅಳಬ್ಯಾಡ, ನನ್ನಂಗೆ ಅಳೋಕೆ ನಿನಗೆ ಬರಲ್ಲ. ಆಪರೇಷನ್ ಯಾವತ್ತು ಅಂತ ಕೇಳು. ಮೊದಲು ನಿಮ್ಮವ್ವನ ಹತ್ರ ಕರಕೊಂಡು ಹೋಗು.’

ಬದುಕಿದನಾ ಅಂತ ಕೇಳ್ತೀರಿ. ಕೇಳದೆ ನನ್ನನ್ನು ಪೀಠದಿಂದ ಇಳಿಯೋಕೆ ಬಿಡಲ್ಲ ನೀವು. ಆಪರೇಷನ್ ಆಯಿತು. ಹೊಟ್ಟೆಯ ಮುಕ್ಕಾಲು ಭಾಗ ತೆಗೆದರು. ಈಗ ಹಿಡಿ ಹಿಡಿಯಾಗಿ ಊಟ ಮಾಡ್ತಾನೆ. ಆಗಾಗ ಪರೀಕ್ಷೆಗೆ ಹೋಗಬೇಕು. ಹೋದಾಗೆಲ್ಲ ಮನೆಮಂದಿಗೆಲ್ಲ ಎದೆ ಡವಗುಡುತ್ತದೆ, ಅವನಿಗೂ ಡವಗುಡುತ್ತದೆ. ಆದರೆ ಈಗ ಒಂದೇ ಕಾರಿನಲ್ಲಿ ಕೂತು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹೆದರ್ತಾರೆ. ಮುಂದೇನು? ನನಗೆ ಗೊತ್ತಿಲ್ಲ. ಈ ಪೀಠದ ಮೇಲೆ ಕೂತು ‘ಗೊತ್ತಿಲ್ಲ’ ಅನ್ನುವ ಪ್ರವಚನಕಾರ ಏಳು ಸಮುದ್ರದ ಆಚೆಗೂ ಇನ್ನೊಬ್ಬ ಸಿಗಲ್ಲ, ಅದಾದರೂ ಬರೆದಿಟ್ಟುಕೊಳ್ಳಿ.

ಈಗ ನಿಮ್ಮ ಸರದಿ. ಕಂಬಕ್ಕೆ ಒರಗಿ ಕೂತ ಯಜಮಾನ್ರೇ, ಎದ್ದೇಳಿ. ಆ ಕಾಲೇಜಿನ ಹುಡುಗರಿಗೆ ಒಂದು ಕೋಣೆ ಇತ್ತು, ಕಲಿಸುವವರಿದ್ದರು, ತಪ್ಪಿದರೆ ತಿದ್ದುವವರಿದ್ದರು. ನಮಗೆ ನಿಮಗೆ ಯಾರಿದ್ದಾರೆ? ನಾವು ಏನು ಮಾಡ್ತೀವಿ? ಸತ್ತವರನ್ನು ‘ಸ್ವಲ್ಪ ಸೀರಿಯಸ್ಸು, ಬೇಗ ಬನ್ನಿ’ ಅಂತ ಫೋನಿನಲ್ಲಿ ಹೇಳಿ, ದಾರಿಯುದ್ದಕ್ಕೂ ಅವರ ಮಗಳು ಬಸ್ಸಿನಲ್ಲಿ ಕೂತು ದೇವರಿಗೆ ಹರಕೆ ಹೊರುವ ಹಾಗೆ ಮಾಡ್ತೀವಿ. ಮದುವೆ ಸಂಬಂಧ ಮುರಿದುಹೋಗಿದೆ ಅಂತ ಆ ಹುಡುಗಿಯೊಬ್ಬಳನ್ನು ಬಿಟ್ಟು ಇಡೀ ಊರಿಗೆ ಹೇಳ್ತೀವಿ. ಹೇಳಲೇಬೇಕಾಗಿ ಬಂದರೆ ಬಾಗಿಲಲ್ಲಿ ನಿಂತು, ಚಪ್ಪಲಿ ಮೆಟ್ಟಿಕೊಂಡು, ಹೇಳಿ ಓಡಿಹೋಗ್ತೀವಿ. ಅವರ ಎದೆ ಒಡೆಯುತ್ತೆ ಅಂತೀವಿ. ಯಾರ ಎದೆ? ಎದುರು ಕೂತು ಹೇಳುವಾಗ ನಡುಗುವುದು ಯಾರ ಎದೆ ಅಂತ ಒಂದು ಸಲ ಮುಟ್ಟಿ ನೋಡಿಕೊಳ್ಳಿ.

ಎಲ್ಲರಿಗೂ ಎಲ್ಲವನ್ನೂ ಈಗಲೇ ಹೇಳಿಬಿಡಿ ಅಂತ ನಾನು ಹೇಳ್ತಿಲ್ಲ. ಕೆಲವರು ‘ನನಗೆ ಬೇಡಪ್ಪಾ, ನೀನೇ ನೋಡ್ಕೋ’ ಅಂತಾರೆ. ಅದೂ ಅವರ ಹಕ್ಕು. ಆದರೆ ಹಾಗಂತ ಅವರು ಹೇಳಬೇಕು, ಅವರ ಪರವಾಗಿ ನೀವಲ್ಲ. ಕೇಳಿದಿರಾ ಅವರನ್ನು? ಒಂದು ಸಲವಾದರೂ ಕೇಳಿದಿರಾ?

ಯಾರ ಮನೆಯಲ್ಲಿ ಯಾರಿಗೆ ಗ್ಯಾಸ್ಟ್ರಿಕ್ಕು, ನಿಶ್ಶಕ್ತಿ, ವಯಸ್ಸಿನ ದೋಷ ಅಂತ ಹೇಳಿಟ್ಟಿದ್ದೀರೋ ನನಗೆ ತಿಳಿಯದು. ಯಾರು ಅಂತ ನಾನು ಕೇಳಲ್ಲ. ಅವರು ನಿಮ್ಮ ಪಕ್ಕದಲ್ಲೇ ಕೂತಿರಬಹುದು.

ಮಂಗಳಾರತಿ ಆಗುತ್ತೆ, ಪ್ರಸಾದ ಆಗುತ್ತೆ, ಮನೆಗೆ ಹೋಗ್ತೀರಿ. ಹೋದ ಮೇಲೆ ಟಿವಿ ಆರಿಸಿ. ಮೊಬೈಲನ್ನು ಇನ್ನೊಂದು ಕೋಣೆಯಲ್ಲಿ ಇಡಿ. ಅವರ ಮಂಚದ ಪಕ್ಕದಲ್ಲಿ ಕೂತ್ಕೊಳ್ಳಿ. ‘ಅವ್ವಾ, ನಿನ್ನ ಮೈಗೆ ಏನಾಗಿದೆ ಅಂತ ನಿನಗೆ ಅನ್ನಿಸ್ತದೆ?’ ಅಂತ ಕೇಳಿ. ಕೇಳಿ ಸುಮ್ಮನಿರಿ. ‘ಏನಿಲ್ಲ ಬಿಡೋ, ಊಟ ಮಾಡು ಹೋಗು’ ಅಂತಾಳೆ. ಏಳಬೇಡಿ. ಅವಳು ಇನ್ನೊಂದು ಮಾತು ಆಡುವ ತನಕ ಅಲ್ಲೇ ಕೂತಿರಿ.